ಗಂಟೆ ಬಾರಿಸುವವರೆಗೆ ರೋಗಿ

ಬೆರಳು ನಿಂತುಬಿಟ್ಟವಲ್ಲ ಇವಳವು, ಹೊಟ್ಟೆಯ ಮೇಲೆ, ಬಲಗಡೆ, ಪಕ್ಕೆಲುಬಿನ ಕೆಳಗೆ – ನಿಂತವು, ಮುಂದೆ ಸರಿದವು, ಮತ್ತೆ ಅಲ್ಲಿಗೇ ಬಂದವು – ಹಾದಿ ತಪ್ಪಿದಳು, ಅಷ್ಟೇ, ಬಿಪಿ ತೋರಿಸಲು ಬಂದ ರೋಗಿಯ ಹೊಟ್ಟೆಯಲ್ಲಿ ಏನು ಹುಡುಕುತ್ತಾಳೆ ಈ ಹುಡುಗಿ, ಕಳೆದುಹೋದ ಉಂಗುರವನ್ನೇ – ಗಾಜಿನ ಈಚೆ ಪರೀಕ್ಷೆ ನೋಡುತ್ತ ಕುಳಿತ ಅವಳು ಪೆನ್ನಿನ ತುದಿ ಕಚ್ಚಿದಳು, ಆ ಕಡೆಯಿಂದ ಅದು ಕನ್ನಡಿ, ಈ ಕಡೆಯಿಂದ ಕಿಟಕಿ, ಒಳಗಿರುವವರಿಗೆ ತಮ್ಮ ಮುಖ ಮಾತ್ರ ಕಾಣುತ್ತದೆ, ಹೊರಗೆ ಕುಳಿತವರಿಗೆ ಎಲ್ಲವೂ ಕಾಣುತ್ತದೆ, ಕಂಕುಳ ಬೆವರು ಕೂಡ, ಆ ಗಾಜಿಗಾಗಿ ಯಾರ್ಯಾರ ಮೇಜಿನ ಮುಂದೆ ನಿಂತು ಜಗಳ ಕಾದಿದ್ದಳು, ಹಾಕಿಸಿಯೇ ತೀರಿದಳು, ಹಟ ಅಂದರೆ ಹಟ. ಎದುರಿಗೆ ಎಲ್ಲರೂ ಅವಳನ್ನು ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ದಬ್ಬಳ, ಗೋಣಿಚೀಲ ಹೊಲಿಯುವ ದಬ್ಬಳ, ಗೊತ್ತು ಅವಳಿಗೆ, ಗೊತ್ತಾದ ದಿನ ಒಳಗೊಳಗೇ ಖುಷಿಯಾಗಿತ್ತು, ಸೂಜಿ ಅಂದಿದ್ದರೆ ಬೇಜಾರಾಗುತ್ತಿತ್ತು. ನರ್ಸುಗಳಾಗಿ ಬಂದವರನ್ನು ತಿದ್ದಿ ತೀಡಿ ಕುಟುಂಬ ನರ್ಸ್ ಪ್ರಾಕ್ಟೀಷನರ್ ಮಾಡಿ ಕಳಿಸುವುದು ಅವಳ ಕೆಲಸ, ಡಾಕ್ಟರು ತಲೆ ಹಾಕದ ಸಣ್ಣ ಸಣ್ಣ ಆಸ್ಪತ್ರೆಗಳಿಗೆ, ಅಲ್ಲಿ ಒಬ್ಬಳೇ ಕೂತು ಕೂಸಿನಿಂದ ಮುದುಕರವರೆಗೆ ಇಡೀ ಮನೆಮಂದಿಯನ್ನು ನೋಡಬೇಕು, ಕೆಮ್ಮಿಗೂ ಇವಳೇ, ಬಸಿರಿಗೂ ಇವಳೇ, ಸಕ್ಕರೆ ಕಾಯಿಲೆಗೂ ಇವಳೇ, ಮಾತ್ರೆ ಬರೆಯುವವಳೂ ಇವಳೇ, ಯಾರನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕು ಯಾರನ್ನು ಮನೆಗೆ ಕಳಿಸಬೇಕು ಅಂತ ತೀರ್ಮಾನ ಮಾಡುವವಳೂ ಇವಳೇ – ತಪ್ಪಿದರೆ ಕೇಳಲು ಪಕ್ಕದಲ್ಲಿ ನರಪಿಳ್ಳೆ ಇರುವುದಿಲ್ಲ, ಅದಕ್ಕೇ ಇಲ್ಲಿಯೇ ಸುಲಿಯಬೇಕು, ಚರ್ಮ ಸುಲಿದರೆ ಹೊಸ ಚರ್ಮ ಬರುತ್ತದೆ, ಅದು ದಪ್ಪಗಿರುತ್ತದೆ. ಒಳಗೆ ಹೊಟ್ಟೆ ಒತ್ತುತ್ತಿರುವವಳು ಅವಳ ತರಗತಿಯ ರೇಡಿಯೋ, ಅವಳೇ ಇಟ್ಟ ಹೆಸರು, ಬಾಯಿಗೆ ಬೀಗವಿಲ್ಲದ ಹುಡುಗಿ, ಜ್ವರ ನೋಡು ಅಂದರೆ ರೋಗಿಯ ಸೊಸೆಯ ತವರಿನ ಸುದ್ದಿಯೆಲ್ಲ ಕೇಳಿಕೊಂಡು ಬಂದು ಜ್ವರ ನೋಡುವುದನ್ನೇ ಮರೆಯುವವಳು, ಇವತ್ತೂ ಅಷ್ಟೇ, ಬಂದವಳೇ ಕೈ ತೊಳೆಯುವುದನ್ನು ಮರೆತಳು, ಬಿಪಿ ಪಟ್ಟಿಯನ್ನು ಸಡಿಲವಾಗಿ ಕಟ್ಟಿದಳು, ಮುಂದೇನು ಮಾಡಬೇಕೆಂದು ತೋಚದೆ ಮಲಗಿ ಅಮ್ಮಾ ಹೊಟ್ಟೆ ನೋಡ್ತೀನಿ ಅಂದುಬಿಟ್ಟಳು, ಹೊಟ್ಟೆಗೂ ಈ ಪರೀಕ್ಷೆಗೂ ಸಂಬಂಧವೇ ಇಲ್ಲ, ಕಳೆ ಅಂಕ, ಇನ್ನೂ ಕಳೆ – ಆದರೆ ರೇಡಿಯೋ ಮಾತು ನಿಲ್ಲಿಸಿದ್ದಾಳಲ್ಲ ಯಾಕೆ. ಪಕ್ಕದ ಕುರ್ಚಿಯಲ್ಲಿ ಹೊರಗಿನಿಂದ ಬಂದ ಪರೀಕ್ಷಕ ಡಾಕ್ಟರು ಟೀ ಹೀರುತ್ತ ಏನ್ ಸಿಸ್ಟರ್, ನಿಮ್ಮ ಹುಡುಗಿ ಇಲ್ಲೇ ಆಪರೇಷನ್ ಮಾಡೋ ಹಾಗಿದೆ ಅಂದರು, ಹಿಂದಿನ ಸಾಲಿನಲ್ಲಿ ಪರೀಕ್ಷೆ ಮುಗಿಸಿ ಕುಳಿತ ಹುಡುಗಿಯರು ಕಿಸಕ್ಕೆಂದರು, ಸಿಸ್ಟರ್ ಅಂತೆ, ಇಡೀ ವಿಭಾಗ ನಡೆಸುವವಳು ಇವರ ಬಾಯಲ್ಲಿ ಇವತ್ತಿಗೂ ಸಿಸ್ಟರ್ರೇ. ಅವಳು ನಕ್ಕಳು, ಡಾಕ್ಟರ ಜೊತೆ ನಗಬೇಕಾದಷ್ಟು ನಕ್ಕಳು.

ಮಂಚದ ಮೇಲೆ ಮಲಗಿರುವ ರೋಗಿ ಅಕ್ಕ. ಅಂದರೆ ಅವಳ ಸ್ವಂತ ಅಕ್ಕ, ಒಂದೇ ಮನೆಯಲ್ಲಿ ಇರುವವಳು, ಒಂದೇ ಪಾತ್ರೆಯ ನೀರು ಕುಡಿಯುವವಳು, ಮದುವೆ ಆಗದೆ ಉಳಿದ ಇಬ್ಬರಲ್ಲಿ ದೊಡ್ಡವಳು – ನಿಜವಾದ ರೋಗಿಗಳ ಮೇಲೆ ಪರೀಕ್ಷೆ ಮಾಡಲಾಗುವುದಿಲ್ಲ, ಒಬ್ಬೊಬ್ಬರದು ಒಂದೊಂದು ಕಥೆ, ಅಂಕ ಹಾಕುವುದು ಹೇಗೆ, ಅದಕ್ಕೆ ಆರೋಗ್ಯವಂತರಿಗೆ ಒಂದು ಕಾಯಿಲೆಯ ಪಾಠ ಬಾಯಿಪಾಠ ಮಾಡಿಸಿ ಮಲಗಿಸುವುದು, ಎಲ್ಲ ಹುಡುಗಿಯರಿಗೂ ಅದೇ ತಲೆನೋವು ಅದೇ ಉತ್ತರ. ಅಕ್ಕನಿಗೆ ಇದರಲ್ಲಿ ಎಷ್ಟು ಹುಚ್ಚು ಅಂದರೆ, ಚಿಕ್ಕಂದಿನಲ್ಲಿ ನಾಟಕದವರ ಜೊತೆ ಹೋಗುತ್ತೇನೆ ಅಂದಿದ್ದಕ್ಕೆ ಅಪ್ಪ ಬಾಗಿಲ ಹಿಂದೆ ನಿಲ್ಲಿಸಿ ಹೊಡೆದಿದ್ದರು, ಅವಳು ಆಗ ಪುಟ್ಟ ತಂಗಿ, ಬಾಗಿಲ ಸಂದಿಯಿಂದ ನೋಡಿದ್ದಳು, ಅಕ್ಕ ಅಳುತ್ತಿರಲಿಲ್ಲ, ಅಳುವುದನ್ನು ನಟಿಸುತ್ತಿದ್ದಳು, ಅಪ್ಪನಿಗೆ ಬೇಗ ಸಾಕಾಗಲಿ ಅಂತ – ಆ ಅಕ್ಕ ತಲೆ ಹಣ್ಣಾದ ಮೇಲೆ ರೋಗಿಯ ಪಾತ್ರ ಸಿಕ್ಕಿತು ಅಂತ ವಾರಗಟ್ಟಲೆ ಕನ್ನಡಿಯ ಮುಂದೆ ಹಣೆ ಹಿಡಿದುಕೊಂಡು ನಿಲ್ಲುತ್ತಾಳೆ, ಹೀಗಾ ಕಣೆ, ಇಲ್ಲ ಇನ್ನೂ ಸ್ವಲ್ಪ ಬಗ್ಗಲಾ. ಮೊದಮೊದಲು ಶುದ್ಧ ದಡ್ಡಿ, ನನ್ನ ತಂಗಿ ಮನೇಲಿ ಬಿಪಿ ನೋಡ್ತಾಳಲ್ಲ ಅಂದು ಇಡೀ ಕೋಣೆಯನ್ನು ನಗಿಸಿದ್ದಳು, ಆಮೇಲೆ ಅವಳು ಹೇಳಿಕೊಟ್ಟಳು, ಪರೀಕ್ಷೆ ಮುಗಿಯಿತು ಅಂತ ನಾನು ಗಂಟೆ ಬಾರಿಸುವವರೆಗೆ ನೀನು ರೋಗಿ, ಮನೆಗೆ ಬೆಂಕಿ ಬಿದ್ದರೂ ರೋಗಿ, ನಾನು ನಿನಗೆ ಯಾರೂ ಅಲ್ಲ – ಹೇಳಿ ಸುಮ್ಮನಾಗಲಿಲ್ಲ, ಮುಂದಿನ ಸಲ ಪರೀಕ್ಷೆಯ ನಡುವೆ ತಾನೇ ಒಳಗೆ ಹೋಗಿ ಮೆತ್ತಗೆ ಅಕ್ಕಾ, ಹೊರಡುವಾಗ ಗ್ಯಾಸ್ ಆಫ್ ಮಾಡಿದ್ಯಾ ಅಂತ ಕೇಳಿದಳು, ಅಕ್ಕ ಗಾಬರಿಯಲ್ಲಿ ಎದ್ದು ಕುಳಿತು ಅಯ್ಯೋ, ಮಾಡಿದೆ ಅನ್ಸುತ್ತೆ ಕಣೆ ಅಂದಳು, ಅಲ್ಲಿಗೆ ಸಿಕ್ಕಿಬಿದ್ದಳು, ಎಲ್ಲರೆದುರು ಬೈಸಿಕೊಂಡಳು, ವಯಸ್ಸಾದ ಮೇಲೆ ಬುದ್ಧಿ ಬರಲ್ಲ, ಇನ್ನೊಂದು ಸಲ ಹೀಗಾದರೆ ಬೇರೆಯವರನ್ನ ಕರೆಸ್ತೀನಿ. ಅಕ್ಕ ಅವತ್ತು ಊಟಕ್ಕೆ ಏಳಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದಳು, ಕರೆಯಲು ಅವಳೂ ಹೋಗಲಿಲ್ಲ. ಆದರೆ ಅದಾದ ಮೇಲೆ ಕಲ್ಲು ಅಂದರೆ ಕಲ್ಲು, ಹುಡುಗಿಯೊಬ್ಬಳು ಕೈಜಾರಿ ಮಂಚದ ತಲೆಯ ಕಡೆಯನ್ನು ದಡಾರನೆ ಬೀಳಿಸಿದಾಗಲೂ ಅಕ್ಕ ಹಣೆ ಹಿಡಿದುಕೊಂಡು ತಲೆನೋವು ಸಿಸ್ಟರ್ ಅಂದಳೇ ಹೊರತು ಕಿರುಚಲಿಲ್ಲ, ಅಂಥ ಕೆಲಸ ಮಾಡಿದ್ದಾಳೆ ಅವಳು ಅಕ್ಕನ ಮೇಲೆ, ಹುಡುಗಿಯರ ಮೇಲೆ ಮಾಡಿದ್ದಕ್ಕಿಂತ ಹೆಚ್ಚೇ. ಈ ಸಲದ ಪಾಠವನ್ನೂ ಅವಳೇ ಬರೆದುಕೊಟ್ಟದ್ದು, ಸಣ್ಣ ಅಂಗಡಿ ಇಟ್ಟುಕೊಂಡ ವಿಧವೆ, ಬಿಪಿ ಮಾತ್ರೆ ತಿಂಗಳಿನಿಂದ ತಪ್ಪಿಸಿದ್ದಾಳೆ, ತಲೆನೋವು, ಹಸಿವು ಚೆನ್ನಾಗಿದೆ, ತೂಕ ಇಳಿದಿಲ್ಲ, ನಿದ್ದೆ ಬರುತ್ತದೆ, ಮಕ್ಕಳಿಲ್ಲ, ಒಡಹುಟ್ಟಿದವರು ಯಾರೂ ಇಲ್ಲ – ಇದ್ದರೆ ಅವರ ಕಾಯಿಲೆಗಳನ್ನೂ ಕೇಳಬೇಕಾಗುತ್ತದೆ, ಹೊತ್ತು ಹಿಡಿಯುತ್ತದೆ, ಅದಕ್ಕೆ ಇಲ್ಲ ಅಂತ ಬರೆದಳು. ಅಕ್ಕ ಓದಿ ಪಾಪ, ಒಂಟಿ ಜೀವ ಅಂದಳು.

ಏನೋ ಕೇಳುತ್ತಿದ್ದಾಳೆ ರೇಡಿಯೋ, ಮೈಕಿನಿಂದ ದನಿ ಸಣ್ಣಗೆ ಬರುತ್ತಿದೆ, ಅಮ್ಮಾ ಈಚೆಗೆ ತೂಕ ಇಳಿದಿದೆಯಾ, ಅಕ್ಕ ಥಟ್ಟನೆ ಇಲ್ಲ ಸಿಸ್ಟರ್, ಎಷ್ಟಿತ್ತೋ ಅಷ್ಟೇ ಇದೆ, ಭೇಷ್, ಊಟ ಸೇರುತ್ತಾ, ಹಸಿವು ಚೆನ್ನಾಗಿದೆ ಸಿಸ್ಟರ್, ಭೇಷ್ – ಉಡುಪು ಸಡಿಲ ಆಗಿದೆಯಾ ಅಮ್ಮಾ, ಅಕ್ಕ ಕ್ಷಣ ತಡೆದಳು, ಈ ಪ್ರಶ್ನೆ ಪಾಠದಲ್ಲಿ ಇಲ್ಲ, ಪಾಠದಲ್ಲಿ ಇಲ್ಲದ್ದನ್ನು ಕೇಳಿದರೆ ಎಲ್ಲ ಸರಿಯಾಗಿದೆ ಅನ್ನಬೇಕು ಎಂಬ ನಿಯಮ, ಎಲ್ಲ ಸರಿಯಾಗಿದೆ ಸಿಸ್ಟರ್, ಜಾಣೆ, ಅಕ್ಕ ಜಾಣೆ. ಸಡಿಲವಾಗುವುದೆಲ್ಲಿಂದ, ಮೊನ್ನೆ ತಾನೇ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಅಂಗಿಗಳನ್ನೆಲ್ಲ ಪಕ್ಕ ಹಿಡಿದು ಹೊಲಿದುಕೊಂಡಳಲ್ಲ, ಅವಳು ಕಾಫಿ ಲೋಟ ಹಿಡಿದು ನೋಡಿದ್ದಳು, ಏನೇ ಇದು, ಈ ವಯಸ್ಸಲ್ಲಿ ಸೊಂಟ ತೋರಿಸೋ ಆಸೆಯಾ ಅಂತ ಚುಚ್ಚಿದ್ದಳು, ಅಕ್ಕ ನಕ್ಕು ಪರೀಕ್ಷೆಗೆ ಹುಡುಗಿಯರೆಲ್ಲ ನೋಡ್ತಾರಲ್ಲೇ ಅಂದಿದ್ದಳು, ತಟ್ಟೆಯಲ್ಲಿ ಅರ್ಧ ಬಿಡುತ್ತಾಳೆ, ಅದು ಬಹಳ ದಿನದ ಮುನಿಸು, ಮುನಿಸಿನವರು ಹಾಗೇ, ಊಟದ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ – ಬೆರಳು ಮತ್ತೆ ಅಲ್ಲಿಗೇ ಹೋದವು. ಸಾಕು, ಹೊರಗೆ ಬಾ, ಅಲ್ಲ, ಅಲ್ಲೇ ಹೇಳು, ಅವಳು ಮೈಕು ಒತ್ತಿ ಕೇಳಿದಳು, ಏನಮ್ಮಾ, ಏನು ಕಂಡೆ ಹೇಳು, ಎಲ್ಲರಿಗೂ ಕೇಳಲಿ. ರೇಡಿಯೋ ಕನ್ನಡಿಯ ಕಡೆ ತಿರುಗಿದಳು, ತನ್ನ ಮುಖವನ್ನೇ ನೋಡುತ್ತ ಮಾತಾಡಬೇಕಲ್ಲ ಪಾಪ, ಚೀಟಿಯಲ್ಲಿ ಕೊಟ್ಟ ಬಿಪಿ ಜಾಸ್ತಿ ಇದೆ ಮೇಡಂ, ಮಾತ್ರೆ ಬಿಟ್ಟಿದ್ದಾರೆ, ಆಮೇಲೆ ಲಿವರ್ ಕೈಗೆ ಸಿಗ್ತಿದೆ ಮೇಡಂ, ಪಕ್ಕೆಲುಬಿನಿಂದ ಕೆಳಗೆ ಬಂದಿದೆ, ಗಟ್ಟಿ ಇದೆ, ಅಂಚು ಗಂಟು ಗಂಟಾಗಿದೆ. ಹಿಂದಿನ ಸಾಲಿನಲ್ಲಿ ಒಬ್ಬಳು ಕಿಸಕ್ಕೆಂದಳು, ಡಾಕ್ಟರು ಟೀ ಲೋಟ ಕೆಳಗಿಟ್ಟು ಓಹೋ ಅಂದರು, ಆ ಓಹೋ ಇತ್ತಲ್ಲ, ಅದು ಮೈಗೆ ಹತ್ತಿತು ಅವಳಿಗೆ, ನರ್ಸ್‌ಗಳಿಗೆ ಇದೆಲ್ಲ ಯಾಕೆ ಸಿಸ್ಟರ್ ಅಂತ ಬೆಳಿಗ್ಗೆ ಬಂದಾಗಲೇ ಅಂದಿದ್ದರು ಅವರು, ಸುಮ್ಮನೆ ತಲೆನೋವಿಗೆ ಮಾತ್ರೆ ಕೊಡೋದು ಕಲಿಸಿ ಸಾಕು, ಈಗ ಅವರಿಗೆ ಹಬ್ಬ, ಇವಳೊಬ್ಬಳ ದೆಸೆಯಿಂದ.

ಲಿವರ್ ಸಿಗ್ತಿದೆಯಂತೆ, ಗಂಟು ಗಂಟಂತೆ, ಅಂದರೆ ಇವಳ ಲೆಕ್ಕದಲ್ಲಿ ಕ್ಯಾನ್ಸರ್. ಅವಳು ಎದ್ದು ನಿಂತಳು, ಮೈಕು ಕೈಯಲ್ಲೇ, ಎಲ್ಲಿಂದ ತಂದೆಯಮ್ಮಾ ಆ ಲಿವರ್‌ನ, ಬರುವಾಗ ಮನೆಯಿಂದ ಡಬ್ಬಿಯಲ್ಲಿ ಕಟ್ಟಿಕೊಂಡು ಬಂದ್ಯಾ – ನಗು, ಈ ಸಲ ಎಲ್ಲರದೂ, ಡಾಕ್ಟರದೂ – ಈ ರೋಗಿಗೆ ಇರೋದು ಬಿಪಿ, ನೀನು ಹೊಟ್ಟೆ ಮುಟ್ಟಿದ್ದೇ ತಪ್ಪು, ದಾರಿ ಗೊತ್ತಾಗದೆ ಹೊಟ್ಟೆಗೆ ಇಳಿದೆ, ಹೌದಾ ಅಲ್ವಾ, ರೇಡಿಯೋ ತಲೆ ತಗ್ಗಿಸಿ ಹೌದು ಮೇಡಂ ಅಂದಳು, ಇಳಿದ ಮೇಲೆ ಏನಾದರೂ ಹೇಳಬೇಕಲ್ಲ ಅಂತ ಒಂದು ಲಿವರ್ ಹುಟ್ಟಿಸಿದೆ, ಇಲ್ಲ ಮೇಡಂ, ಇಲ್ಲ ಅಂದರೇನು, ಹುಟ್ಟಿಸಲಿಲ್ಲ ಮೇಡಂ, ಇದೆ ಅಂದಳು ರೇಡಿಯೋ. ಎದುರು ಮಾತು ಬೇರೆ. ಹೇಳು ಹಾಗಾದರೆ, ಕೊಂದ ಮಾತು ಹೇಳು, ತಲೆಯ ಹತ್ತಿರ ನಿಂತು ಹೇಳು – ಕೊಂದ ಮಾತು ಅವಳೇ ತಂದ ಪದ್ಧತಿ, ಬೇರೆಲ್ಲೂ ಇಲ್ಲ, ತಪ್ಪು ಮಾಡಿದವಳು ರೋಗಿಯ ತಲೆಯ ಪಕ್ಕ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ನಾನು ನಿಮ್ಮನ್ನು ಕೊಂದೆ, ಹೇಗೆ ಕೊಂದೆ ಅಂದರೆ, ಅಂತ ಶುರು ಮಾಡಿ ತನ್ನ ತಪ್ಪನ್ನು ಪೂರ್ತಿ ಹೇಳಬೇಕು, ಎದೆನೋವನ್ನು ಗ್ಯಾಸ್ ಅಂತ ಮನೆಗೆ ಕಳಿಸಿದ ಹುಡುಗಿ ಹೇಳುತ್ತ ಹೇಳುತ್ತ ವಾಂತಿ ಮಾಡಿಕೊಂಡಿದ್ದಳು, ಇನ್ನೊಬ್ಬಳು ಹೇಳಿ ಮುಗಿಸಿ ಚೀಲ ಎತ್ತಿಕೊಂಡು ಹೋದವಳು ತಿರುಗಿ ಬರಲಿಲ್ಲ, ಹೋಗಲಿ, ಇಲ್ಲಿ ತಡೆಯದವಳು ಅಲ್ಲಿ ಏನು ತಡೆದಾಳು, ಅಕ್ಕ ಅವತ್ತು ಮನೆಗೆ ಬಂದು ಆ ಮಗು ಅಳ್ತಾ ಇತ್ತಲ್ಲೇ, ಹೊಟ್ಟೆ ಚುರುಕ್ ಅಂತು ಅಂದಾಗ ನಿನಗ್ಯಾಕೆ, ನೀನು ಸತ್ತಿದ್ದೆ ಆಗ ಅಂದಿದ್ದಳು, ಇಬ್ಬರೂ ನಕ್ಕಿದ್ದರು, ಅವಳು ಜೋರಾಗಿ, ಅಕ್ಕ ಸ್ವಲ್ಪ. ಹೇಳು, ನಾನು ನಿಮ್ಮನ್ನು ಕೊಂದೆ, ಇಲ್ಲದ ಕಾಯಿಲೆ ಹುಡುಕುತ್ತ ಇರೋ ಕಾಯಿಲೆಗೆ ಔಷಧಿ ಬರೆಯೋದನ್ನ ಮರೆತೆ, ಹೇಳು. ರೇಡಿಯೋ ಮಂಚದ ತಲೆಯ ಕಡೆ ಹೋದಳು, ಅಕ್ಕ ಅಭ್ಯಾಸದಂತೆ ಕಣ್ಣು ತೆರೆದು ಅವಳನ್ನೇ ನೋಡಿದಳು, ಹುಡುಗಿ ನಾನು ನಿಮ್ಮನ್ನು, ಅಂದಳು, ನಿಂತಳು, ಕನ್ನಡಿಯ ಕಡೆ ತಿರುಗಿದಳು, ಹೇಳಲ್ಲ ಮೇಡಂ, ಫೇಲ್ ಮಾಡಿ ಪರವಾಗಿಲ್ಲ, ನೀವೇ ಒಂದು ಸಲ ಮುಟ್ಟಿ ನೋಡಿ. ಇಷ್ಟು ವರ್ಷದಲ್ಲಿ ಹೇಳಲ್ಲ ಅಂದವರು ಯಾರೂ ಇಲ್ಲ, ಡಾಕ್ಟರು ಹೋಗಿ ನೋಡಿಬಿಡಿ ಸಿಸ್ಟರ್, ಹುಡುಗಿ ಅಷ್ಟು ಹೇಳ್ತಿದ್ದಾಳೆ ಅಂದರು, ನಗುತ್ತಲೇ ಅಂದರು. ನೋಡುತ್ತೇನೆ, ನೋಡಿ ಇವಳ ಗ್ರಹಚಾರ ಬಿಡಿಸುತ್ತೇನೆ, ಇವಳ ಕೈಯನ್ನೇ ಹಿಡಿದು ಅದೇ ಜಾಗದಲ್ಲಿಟ್ಟು ಎಲ್ಲಿದೆ ತೋರಿಸು ಅನ್ನುತ್ತೇನೆ, ಅಳಿಸಿಯೇ ಈಚೆ ಕಳಿಸುತ್ತೇನೆ. ಮೈಕೂ ಗಂಟೆಯೂ ಮೇಜಿನ ಮೇಲೆ ಡಾಕ್ಟರ ಟೀ ಲೋಟದ ಪಕ್ಕ ಉಳಿದವು, ಅವಳು ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

ಒಳಗೆ ಬೆಳಕು ಜಾಸ್ತಿ, ಸ್ಪಿರಿಟ್ಟಿನ ವಾಸನೆ, ಕನ್ನಡಿಯಲ್ಲಿ ತನ್ನದೇ ಮುಖ, ಇಷ್ಟು ಬಿಗಿದುಕೊಂಡಿರುತ್ತದೆಯೇ ಇದು, ಅಕ್ಕನ ಅಂಗಿ ಎದೆಯ ಕೆಳಗಿನವರೆಗೆ ಸರಿದಿದೆ, ಹೊಟ್ಟೆ ಬೆಳ್ಳಗೆ, ಪಕ್ಕೆಲುಬು ಎಣಿಸುವ ಹಾಗೆ, ಯಾವಾಗ ಹೀಗಾದಳು, ದಿನಾ ನೋಡುವ ಮುಖವನ್ನು ಯಾರು ನೋಡುತ್ತಾರೆ, ಮುಟ್ಟಿ ಎಷ್ಟು ಕಾಲವಾಯಿತು ಇವಳನ್ನು, ಬಿಪಿ ಪಟ್ಟಿ ಕಟ್ಟುವಾಗ ತೋಳು, ಅದೂ ತೋಳಿನ ಮೇಲಿನ ಬಟ್ಟೆ. ಸ್ವಲ್ಪ ಸರಿಯಮ್ಮಾ ಅಂತ ರೇಡಿಯೋವನ್ನು ಪಕ್ಕಕ್ಕೆ ತಳ್ಳಿದಳು, ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳಿ, ತಣ್ಣನೆ ಕೈಗೆ ಹೊಟ್ಟೆ ಬಿಗಿಯುತ್ತೆ ಅಂತ ವರ್ಷವೆಲ್ಲ ಅರಚುವವಳು ಉಜ್ಜಿಕೊಳ್ಳದೆಯೇ ಕೈಯಿಟ್ಟಳು, ಅಕ್ಕ ಬೆಚ್ಚಿದಳು, ಬೆಚ್ಚಿದರೂ ಪಾತ್ರ ಬಿಡಲಿಲ್ಲ, ಸುಮ್ಮನೆ ಹಣೆಗೆ ಕೈ ಒಯ್ದಳು. ಉಸಿರು ಎಳ್ಕೊಳ್ಳಿ. ಅಕ್ಕ ಎಳೆದುಕೊಂಡಳು. ಏನೂ ಇಲ್ಲ, ಏನೂ ತಾಗಲಿಲ್ಲ, ಹಾ, ಅವಳು ಕನ್ನಡಿಯ ಕಡೆ ತಿರುಗಿದಳು, ಬಾಯಿ ತೆರೆದಳು, ಏನೂ ಇಲ್ಲ ಅನ್ನಬೇಕು, ಅಂದರೆ ಮುಗಿಯಿತು – ಅನ್ನುವಷ್ಟರಲ್ಲಿ ಕೈಗೇ ಗೊತ್ತಾಯಿತು ತಾನಿರುವ ಜಾಗ ತಪ್ಪು ಅಂತ, ಪಕ್ಕೆಲುಬಿಗೆ ಅಂಟಿಕೊಂಡು ಇಟ್ಟಿದ್ದಾಳೆ, ಮೇಲಿಂದ ಶುರು ಮಾಡಬೇಡಿ, ದೊಡ್ಡದಾಗಿದ್ದರೆ ನಿಮ್ಮ ಕೈ ಅದರ ಮೇಲೇ ಇರುತ್ತೆ, ಅಂಚು ಸಿಗಲ್ಲ, ಕೆಳಗಿಂದ ಬನ್ನಿ, ಹುಡುಕಬೇಡಿ, ಕಾಯಿರಿ, ಉಸಿರಿನ ಜೊತೆ ಅದೇ ನಿಮ್ಮ ಹತ್ತಿರ ಬರುತ್ತೆ, ಇದು ಅವಳದೇ ಪಾಠ, ಇದೇ ತಪ್ಪಿಗೆ ಎಷ್ಟು ಜನರ ಬಾಯಲ್ಲಿ ಕೊಂದ ಮಾತು ಹೇಳಿಸಿಲ್ಲ. ಕೈ ತಾನಾಗಿ ಕೆಳಗಿಳಿಯಿತು. ಉಸಿರು ಎಳ್ಕೊಳ್ಳಿ. ಬಂತು. ಒಳಗಿನಿಂದ ಇಳಿದು ಬಂದು ತೋರುಬೆರಳಿಗೆ ತಾಗಿತು, ಗಟ್ಟಿ, ಹೊಳೆಕಲ್ಲಿನಷ್ಟು ಗಟ್ಟಿ, ಆದರೆ ನುಣುಪಿಲ್ಲ, ಗಂಟು, ಪಕ್ಕದಲ್ಲಿ ಇನ್ನೊಂದು ಗಂಟು, ಉಸಿರು ಬಿಟ್ಟಾಗ ಹಿಂದಕ್ಕೆ ಹೋಯಿತು.

ಇಲ್ಲ, ಸ್ನಾಯು ಇರಬೇಕು, ಹೊಟ್ಟೆ ಬಿಗಿದಿದ್ದಾಳೆ, ತಣ್ಣನೆ ಕೈ – ಉಸಿರು ಎಳ್ಕೊಳ್ಳಿ – ಬಂತು, ತಾಗಿತು, ಸ್ನಾಯು ಹೀಗೆ ನಡೆದುಕೊಂಡು ಬರುವುದಿಲ್ಲ. ತಟ್ಟೆಯ ಅರ್ಧ ಅನ್ನ ಮುನಿಸಲ್ಲ, ಹೊಲಿದುಕೊಂಡ ಅಂಗಿ ಬೆಡಗಲ್ಲ, ಮಧ್ಯಾಹ್ನ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದದ್ದು ಸೋಮಾರಿತನವಲ್ಲ, ಅವೆಲ್ಲಕ್ಕೂ ಅವಳು ಒಂದೊಂದು ಚುಚ್ಚುಮಾತು ಆಡಿದ್ದಳು, ಚೆನ್ನಾಗಿ ಆರಿಸಿ ಆರಿಸಿ ಆಡಿದ್ದಳು, ಅಯ್ಯೋ, ಭಯ, ಬರೀ ಭಯ, ಚಿಕ್ಕ ಹುಡುಗಿಗೆ ಆಗುವಂಥದ್ದು. ಪಕ್ಕದಲ್ಲಿ ರೇಡಿಯೋ ನಿಂತಿದ್ದಾಳೆ, ನೋಡಿದಿರಾ ಅನ್ನುವ ಮುಖವಲ್ಲ ಅವಳದು, ಅದಾದರೂ ಇದ್ದಿದ್ದರೆ ಒಂದು ಬಾರಿಸಬಹುದಿತ್ತು, ಹುಡುಗಿ ಅಳುತ್ತಿದ್ದಾಳೆ, ಶಬ್ದವಿಲ್ಲದೆ. ಗಾಜಿನ ಆಚೆ ಎಲ್ಲರೂ ಇದ್ದಾರೆ, ಕಾಣುವುದಿಲ್ಲ ಅಷ್ಟೇ, ಮೈಕಿನಲ್ಲಿ ಡಾಕ್ಟರ ದನಿ ಬಂತು, ಏನ್ ಸಿಸ್ಟರ್, ಸಿಕ್ತಾ. ಏನೂ ಇಲ್ಲ ಡಾಕ್ಟರ್, ಅಂದಳು ಅವಳು, ಅಂದುಬಿಟ್ಟಳು, ನಾಲಿಗೆ ಅಂದಿತು, ನಾರ್ಮಲ್ – ಅಂದರೂ ಕೈ ತೆಗೆಯಲಿಲ್ಲ, ಅಲ್ಲಿಂದ ಬರಲೊಲ್ಲದು ಕೈ, ರೇಡಿಯೋ ಮೇಡಂ ಅಂದಳು, ಸಣ್ಣಗೆ, ಬೇಡಿಕೊಳ್ಳುವ ಹಾಗೆ. ಅವಳು ಬಗ್ಗಿದಳು, ಮೈಕಿಗೆ ಬೀಳದ ಹಾಗೆ, ತೂಕ ಇಳಿದಿದೆಯಾ. ಇಲ್ಲ ಸಿಸ್ಟರ್, ಅಂದಳು ಅಕ್ಕ, ಸ್ಪಷ್ಟವಾಗಿ, ಹಿಂದಿನ ಸಾಲಿಗೂ ಕೇಳುವ ಹಾಗೆ, ಎಷ್ಟಿತ್ತೋ ಅಷ್ಟೇ ಇದೆ. ಊಟ ಸೇರ್ತಾ ಇದೆಯಾ, ನಿಜ ಹೇಳು. ಹಸಿವು ಚೆನ್ನಾಗಿದೆ ಸಿಸ್ಟರ್. ಅಕ್ಕಾ, ಅಂದಳು ಅವಳು, ಇನ್ನೂ ಬಗ್ಗಿ, ಅಕ್ಕಾ, ನಾನು ಕಣೆ, ಸಾಕು ನಾಟಕ, ನಾನು ನಿಜವಾಗಲೂ ಕೇಳ್ತಿದ್ದೀನಿ, ನೋವಿದೆಯಾ ಇಲ್ಲಿ. ಅಕ್ಕನ ಕಣ್ಣಿನ ಮೂಲೆಯಲ್ಲಿ ಒಂದು ಹೊಳಪು ಬಂದು ಹೋಯಿತು, ಗೊತ್ತು ಬಿಡು ನಿನ್ನ ಆಟ, ಈ ಸಲ ನಾನು ಬೀಳಲ್ಲ ಅನ್ನುವ ಹೊಳಪು, ಹೆಮ್ಮೆ, ಇಷ್ಟು ದೊಡ್ಡ ಪರೀಕ್ಷೆಯನ್ನು ತಂಗಿ ತನಗೇ ಇಟ್ಟಿದ್ದಾಳೆ ಅನ್ನುವ ಹೆಮ್ಮೆ, ಹಣೆ ಹಿಡಿದುಕೊಂಡು, ಕನ್ನಡಿಯ ಮುಂದೆ ಅಷ್ಟು ದಿನ ಅಭ್ಯಾಸ ಮಾಡಿದ ಹಾಗೇ ಬಗ್ಗಿಸಿ, ಯಾರನ್ನ ಕೇಳ್ತಿದ್ದೀರಿ ಮೇಡಂ ಅಂದಳು, ನನಗೆ ತಲೆನೋವು, ಅಷ್ಟೇ, ಒಡಹುಟ್ಟಿದವರು ಯಾರೂ ಇಲ್ಲ ನನಗೆ. ಆಚೆ ಯಾರೋ ಚಪ್ಪಾಳೆ ತಟ್ಟಿದರು, ಡಾಕ್ಟರಿರಬೇಕು, ಗಂಟೆ ಅವರ ಪಕ್ಕದಲ್ಲೇ ಇದೆ, ಬಾರಿಸುತ್ತಿಲ್ಲ, ಅವಳು ಹೇಳಬೇಕು, ಬಾರಿಸಿ ಅನ್ನಬೇಕು, ಇದೆ ಅನ್ನಬೇಕು, ಅಕ್ಕ ಉಸಿರು ಎಳೆದುಕೊಂಡಳು, ಈಗ ಯಾರೂ ಹೇಳಿರಲಿಲ್ಲ, ಸಾಕು ಅಂತಲೂ ಯಾರೂ ಹೇಳಿರಲಿಲ್ಲವಲ್ಲ, ಅದಕ್ಕೇ ಎಳೆದುಕೊಳ್ಳುತ್ತಿದ್ದಾಳೆ, ಉದ್ದಕ್ಕೆ, ಒಂದೂ ತಪ್ಪದ ಹಾಗೆ, ಕಣ್ಣು ತಂಗಿಯ ಮುಖದ ಮೇಲೆ, ಅಂಚು ಇಳಿದು ಬಂದು ಬೆರಳಿಗೆ ತಾಗಿತು, ಉಸಿರು ಬಿಟ್ಟಳು, ಹೋಯಿತು, ಎಳೆದುಕೊಂಡಳು, ತಾಗಿತು, ಬಿಟ್ಟಳು, ಹೋಯಿತು, ಎಳೆದುಕೊಂಡಳು, ತಾಗಿತು.